ಲೈಟರ್ ಸಾಕೆಟ್ಟಿನ ನಂದಾದೀಪ

ಈ ಟೆಸ್ಟ್ ಲ್ಯಾಂಪ್ ಕೈಯಲ್ಲಿ ಹಿಡಿದುಕೊಂಡು ಹೇಳುತ್ತೇನೆ, ಇದರಲ್ಲಿ ಒಂದೇ ಒಂದು ಮಾತು ಸುಳ್ಳಾದರೂ ನಾಳೆಯಿಂದ ನಾನು ಮುಟ್ಟಿದ ಗಾಡಿ ಯಾವುದೂ ಸ್ಟಾರ್ಟ್ ಆಗದಿರಲಿ. ನಿಮ್ಮದೂ ಸೇರಿ. ಆ ಕಬ್ಬಿಣದ ಕುರ್ಚಿಯಲ್ಲೇ ಕೂತಿರಿ, ಫ್ಯಾನಿನ ಗಾಳಿ ಅಲ್ಲಿಗೆ ಚೆನ್ನಾಗಿ ಬರುತ್ತದೆ.

ಎರಡು ಸಾವಿರದ ಮೂರನೇ ಇಸವಿ. ಆಗಲೂ ನನ್ನ ಆಟೋ ಎಲೆಕ್ಟ್ರಿಷಿಯನ್ ಶೆಡ್ಡು ಇಲ್ಲೇ, ತುಮಕೂರಿನ ಗುಬ್ಬಿ ಗೇಟಿನ ಹತ್ತಿರ. ಒಂದು ಮಧ್ಯಾಹ್ನ ಗುಬ್ಬಿಯ ಮಲ್ಲಿಕಾರ್ಜುನ, ನಮ್ಮ ಮಲ್ಲಿ, ತನ್ನ ಬಿಳೀ ಅಂಬಾಸಡರ್ ತಂದು ನಿಲ್ಲಿಸಿದ. ಗಾಡಿ ನಿಂತಿತು, ಅವನು ನಿಲ್ಲಲಿಲ್ಲ. ಬೆರಳಲ್ಲಿ ಕೀ ಗೊಂಚಲು ತಿರುಗಿಸುತ್ತಾ ಶೆಡ್ಡಿನ ಈ ಗೋಡೆಯಿಂದ ಆ ಗೋಡೆಗೆ ನಡೆಯತೊಡಗಿದ.

"ರಾಮಾಂಜಣ್ಣ, ಬೆಳಿಗ್ಗೆ ಎದ್ರೆ ಬ್ಯಾಟ್ರಿ ಸತ್ತೋಗಿರ್ತೈತೆ. ಎರಡು ದಿನ ಮೇಡಂಗೆ ಲೇಟಾಯ್ತು. ಇನ್ನೊಂದಿನ ಲೇಟಾದ್ರೆ ಬೇರೆ ಕಾರ್ ನೋಡ್ಕೋತೀನಿ ಅಂದವ್ರೆ."

ಮೇಡಂ ಅಂದರೆ ಸ್ವರ್ಣಲತಾ ಮೇಡಂ. ಮನೆ ತುಮಕೂರು, ಆಫೀಸು ಕುಣಿಗಲ್. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಗೇಟಿನ ಮುಂದೆ ಕಾರು ಇರಬೇಕು. ಎರಡು ತಿಂಗಳು ನೋಡಿ, ಒಪ್ಪಿಗೆಯಾದರೆ ವರ್ಷದ ಕಾಂಟ್ರಾಕ್ಟ್ ಕೊಡುತ್ತೇನೆ ಅಂದಿದ್ದರು. ಮಲ್ಲಿಗೆ ಅದೇ ಆಸೆ, ಅದೇ ದಿಗಿಲು.

ಬಾಗಿಲು ತೆಗೆದು ನೋಡಿದೆ. ಡ್ಯಾಶ್‌ಬೋರ್ಡಿನ ಮೇಲೆ ಎಡೆಯೂರು ಸಿದ್ಧಲಿಂಗೇಶ್ವರನ ಫೋಟೋ. ಮುಂದೆ ಒಂದು ಕೆಂಪು ಬಲ್ಬು, ಸುತ್ತ ಸಣ್ಣ ಬಲ್ಬುಗಳ ಮಾಲೆ. ಅದರ ವೈರು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹೋಗಿತ್ತು. ಹಿಂದಿನ ಓನರ್ ಯಾರೋ ಆ ಸಾಕೆಟ್ಟಿಗೆ ನೇರ ಬ್ಯಾಟರಿಯಿಂದ ಕರೆಂಟು ಕೊಡಿಸಿದ್ದ. ಕೀ ತೆಗೆದರೂ ಅದು ಬದುಕಿರುತ್ತಿತ್ತು.

"ರಾತ್ರಿ ಇದನ್ನ ಕಿತ್ತಾಕೋಕೆ ಏನ್ಲಾ ನಿಂಗೆ?"

"ಕಿತ್ರೆ ನಮ್ಮವ್ವ ನನ್ನೇ ಕಿತ್ತಾಕ್ತಾಳೆ. ಅದು ನಂದಾದೀಪ ಕಣಣ್ಣ. ನಲವತ್ತೆಂಟು ದಿನ ಆರಬಾರದು ಅಂತ ಹರಕೆ ಕಟ್ಕೊಂಡವಳೆ. ಮೇಡಂ ಕಾಂಟ್ರಾಕ್ಟ್ ಸಿಗ್ಲಿ ಅಂತಾನೇ!"

ನೋಡಿದಿರಾ? ಕಾಂಟ್ರಾಕ್ಟಿಗೆ ಅಂತ ಹಚ್ಚಿದ ದೀಪವೇ ಕಾಂಟ್ರಾಕ್ಟನ್ನು ತಿನ್ನುತ್ತಿತ್ತು.

ಕೆಲಸ ಅರ್ಧ ಗಂಟೆಯದು. ಬ್ಯಾಟರಿ ವೈರು ಕತ್ತರಿಸಿ, ಇಗ್ನಿಷನ್ ಸ್ವಿಚ್ಚಿನಿಂದ ರಿಲೇಗೆ, ರಿಲೇಯಿಂದ ಸಾಕೆಟ್ಟಿಗೆ ಕೊಟ್ಟೆ. ಕೀ ತಿರುಗಿಸಿದರೆ ದೀಪ ಉರಿಯುತ್ತದೆ, ತೆಗೆದರೆ ತಾನಾಗಿ ಆರುತ್ತದೆ. ಮಲ್ಲಿ ಹತ್ತು ಸಲ ಕೀ ಹಾಕಿ ತೆಗೆದು ನೋಡಿ ಹೋದ.

ಮಾರನೇ ದಿನವೇ ವಾಪಸ್ ಬಂದ. ಹಿಂದೆ ಅವನ ತಾಯಿ ಗಂಗಾಂಬಿಕಮ್ಮ. ಏನಾಗಿತ್ತೆಂದರೆ, ದಾರಿಯಲ್ಲಿ ಟೀ ಕುಡಿಯಲು ಅವನು ಗಾಡಿ ಆಫ್ ಮಾಡಿ ಇಳಿದಿದ್ದಾನೆ. ಮುಂದಿನ ಸೀಟಿನಲ್ಲಿ ಕೂತಿದ್ದ ತಾಯಿಯ ಕಣ್ಣೆದುರೇ ದೀಪ ನಂದಿದೆ. ಆಯಮ್ಮ ಹಾಕಿದ ಕೂಗಿಗೆ ಹೋಟೆಲಿನ ಹಾಲು ಒಡೆದು ಹೋಯಿತಂತೆ.

"ಹನ್ನೊಂದು ದಿನದ ದೀಪ ಮಣ್ಣುಪಾಲಾಯ್ತಲ್ಲೋ! ಇವತ್ತಿಂದ ಮತ್ತೆ ಒಂದು," ಅಂತ ನನ್ನ ಮುಂದೆ ನಿಂತರು. "ಏನಪ್ಪಾ ಎಲಟ್ರಿ, ನನ್ನ ದೀಪದ ವೈರು ಮುಟ್ಟಿದೋನು ನೀನೇನಾ?"

"ಲೂಸ್ ಆಗಿತ್ತು ಕಣಮ್ಮ, ಟೈಟ್ ಮಾಡ್ತೀನಿ ಬುಡಿ," ಅಂದೆ. ಅವರು ನೀರು ಕುಡಿಯಲು ಪಕ್ಕದ ಮನೆಗೆ ಹೋದರು.

ಮಲ್ಲಿ ಮತ್ತೆ ಗೋಡೆಯಿಂದ ಗೋಡೆಗೆ. "ಅಣ್ಣ, ಉರೀಲೂಬೇಕು, ಆರಲೂಬೇಕು. ಏನಾರ ಮಾಡಣ್ಣ."

"ಮೊದ್ಲು ನೀನು ಒಂದ್ಕಡೆ ನಿಂತ್ಕೊಳ್ಳಲಾ. ನಿನ್ನ ನೋಡಿ ನಂಗೇ ತಲೆ ಸುತ್ತುತಾ ಐತೆ."

ಯೋಚನೆ ಮಾಡಿದೆ. ದೀಪ ಉರಿಯಬೇಕಾದದ್ದು ಅಮ್ಮ ನೋಡುವಾಗ. ಬಾಗಿಲಿಗೆ ಒಂದು ಸ್ವಿಚ್ ಇಟ್ಟೆ, ಫ್ರಿಜ್ಜಿನಲ್ಲಿ ಇರುತ್ತದಲ್ಲ ಹಾಗೆ. ಕೀ ಇಲ್ಲದಿದ್ದರೂ ಬಾಗಿಲು ತೆಗೆದರೆ ದೀಪ ಹತ್ತಬೇಕು. ಬಾಗಿಲು ಹಾಕಿಕೊಂಡು ಒಳಗೇ ಕೂತರೆ? ಅದಕ್ಕೆ ಅವರ ಸೀಟಿನ ಕುಶನ್ ಕೆಳಗೆ ಒಂದು ಕಾಲಿಂಗ್ ಬೆಲ್ಲಿನ ಬಟನ್. ಅಮ್ಮ ಕೂತರೆ ಒತ್ತಿಕೊಳ್ಳುತ್ತದೆ, ಎದ್ದರೆ ಬಿಡುತ್ತದೆ. ಗಾಡಿ ನಿಲ್ಲಿಸಿದಾಗ ಎಳೆಯಲು ಮುಂದಿನ ಗಾಜಿಗೂ ಕಿಟಕಿಗಳಿಗೂ ಒಳಗಿಂದ ಪರದೆ ಹಾಕಿಸಿದೆ, ಬಿಸಿಲಿಗೆ ಅಂತ. ಗಾಡಿ ಲಾಕ್ ಆದಮೇಲೆ ಒಳಗಿರುವುದು ದೇವರೊಬ್ಬನೇ. ಅವನು ಕತ್ತಲಲ್ಲೂ ಇರಬಲ್ಲ.

ಬ್ಯಾಟರಿ ಜಟ್ಟಿಯಾಯಿತು. ಬೆಳಿಗ್ಗೆ ಸೆಲ್ಫ್ ಸ್ಟಾರ್ಟರ್ ಒಂದೇ ಸಲ ಹೊಡೆದರೆ ಗಾಡಿ ಗುಡುಗುತ್ತಿತ್ತು. ಆದರೆ ಮಲ್ಲಿಗೆ ನೆಮ್ಮದಿ ಬರಲಿಲ್ಲ. ಮೊದಲು ಬ್ಯಾಟರಿಗೆ ಹೆದರುತ್ತಿದ್ದವನು ಈಗ ಅಮ್ಮನಿಗೆ ಹೆದರತೊಡಗಿದ. ಗಂಗಾಂಬಿಕಮ್ಮನೂ ಬಿಡುವವರಲ್ಲ. ಮುಸುರೆ ತಿಕ್ಕುತ್ತಿದ್ದವರು ಫಕ್ಕನೆ ಎದ್ದು ಬಂದು ಬಾಗಿಲು ತೆಗೆಯುವರು. ದೀಪ ಉರಿಯುತ್ತಿರುವುದು. ಬಾಗಿಲು ಹಾಕಿ, ಹೋದ ಹಾಗೆ ಮಾಡಿ, ಮತ್ತೆ ತೆಗೆಯುವರು. ಮತ್ತೆ ಉರಿಯುತ್ತಿರುವುದು. ಒಂದು ದಿನ ಇಪ್ಪತ್ತೇಳು ಸಲ ಬಾಗಿಲು ತೆಗೆದು ಹಾಕಿ, ಹಿಡಿಯೇ ಕಿತ್ತು ಅವರ ಕೈಗೆ ಬಂದಿತು. ಮಲ್ಲಿಯಿಂದ ದಿನಾ ನನಗೆ ಫೋನು.

"ಅಣ್ಣ, ಇವತ್ತು ಅವ್ವ ಡಿಕ್ಕಿ ಒಳಗಿಂದ ಬಗ್ಗಿ ನೋಡೋಕೆ ಆಗ್ತೈತೇನ್ಲಾ ಅಂತ ಕೇಳಿದ್ಲು."

"ನೀನೇನಂದೆ?"

"ಡಿಕ್ಕಿಲಿ ಹಾವೈತೆ ಅಂದೆ."

"ಅದಕ್ಕೆ?"

"ಕೋಲು ತಗಂಡು ಬಂದ್ಲು."

ಹೀಗೆ ದಿನ ಎಣಿಸುತ್ತಾ ನಲವತ್ತೇಳಾಯಿತು. ಮೇಡಮ್ಮಿನ ಎರಡು ತಿಂಗಳೂ ಅದೇ ವಾರ ಮುಗಿಯುವುದಿತ್ತು. ನಲವತ್ತೆಂಟನೇ ದಿನ ಮೇಡಂ ಅವರನ್ನು ಕುಣಿಗಲ್‌ನಲ್ಲಿ ಇಳಿಸಿ, ಹಾಗೇ ಎಡೆಯೂರಿಗೆ ಹೋಗಿ ನಲವತ್ತೆಂಟು ಕಾಯಿ ಒಡೆಯುವುದು ಅಂತ ಅಮ್ಮನೂ ಮಗನೂ ಮಾತಾಡಿಕೊಂಡಿದ್ದರು.

ಅವತ್ತು ಬೆಳಿಗ್ಗೆ ಆರೂವರೆಗೆ ಫೋನು ಬಂತು.

"ಅಣ್ಣ, ಕಟ್ ಕಟ್ ಅಂತೈತೆ! ತಿರುಗ್ತಾನೇ ಇಲ್ಲ!"

"ದೀಪ?"

"ಉರೀತೈತೆ. ಕೆಂಡದ ತರ, ಮಂಕಾಗಿ."

"ಅಮ್ಮನ ಸೀಟ್ ಮೇಲೆ ಏನೈತೆ ನೋಡು."

"ತೆಂಗಿನಕಾಯಿ ಮೂಟೆ. ನೆನ್ನೆ ಸಂಜೆನೇ ಅವ್ವ ತಂದು ಇಟ್ಟವಳೆ."

ನಲವತ್ತೆಂಟು ಕಾಯಿ ರಾತ್ರಿಯೆಲ್ಲ ನನ್ನ ಬಟನ್ನಿನ ಮೇಲೆ ಕೂತಿದ್ದವು.

"ತಳ್ಳಿಸ್ಲಾ! ಸ್ಟಾರ್ಟ್ ಆದ್ಮೇಲೆ ಎಲ್ಲೂ ಆಫ್ ಮಾಡ್ಬೇಡ. ಮೇಡಂ ಮನೆ ಹತ್ರ ನಾನು ಇರ್ತೀನಿ," ಅಂದೆ. ಮೊಪೆಡ್ಡಿನ ಕಾಲ ಬಳಿ ಒಂದು ಚಾರ್ಜ್ ಆದ ಬ್ಯಾಟರಿ ಇಟ್ಟುಕೊಂಡು ಹೊರಟೆ.

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸಿಗೆ ಕಾಯುತ್ತಿದ್ದ ಹದಿನೆಂಟು ಜನ ಕೈ ಹಾಕಿದರಂತೆ. ಹುಮ್ಮಸ್ಸಿನಲ್ಲಿ ಗಾಡಿ ಸ್ಟಾರ್ಟ್ ಆದದ್ದೇ ಅವರಿಗೆ ತಿಳಿಯಲಿಲ್ಲ. ಏಳು ಜನ ಊರಾಚೆ ಕೈಬಿಟ್ಟರು. ಹನ್ನೊಂದು ಜನ ಹೆಗ್ಗೆರೆವರೆಗೆ ತಳ್ಳಿಕೊಂಡೇ ಓಡಿಬಂದು, ಬಸ್ ಚಾರ್ಜ್ ಉಳಿಯಿತು ಅಂತ ಮಲ್ಲಿಗೆ ಕೈಮುಗಿದು ಹೋದರು. ನಗಬೇಡಿ. ಅದರಲ್ಲಿ ಒಬ್ಬ ನನ್ನ ಷಡ್ಡಕ.

ಎಂಟಕ್ಕೆ ಒಂದು ನಿಮಿಷ ಇರುವಾಗ ಗಾಡಿ ಮೇಡಂ ಗೇಟಿಗೆ ಬಂತು. ಹಿಂದಿನ ಸೀಟಿನಲ್ಲಿ ಗಂಗಾಂಬಿಕಮ್ಮ, ಮುಂದಿನ ಸೀಟಿನಲ್ಲಿ ಬಟನ್ ಒತ್ತಿಕೊಂಡೇ ಇದ್ದ ಕಾಯಿ ಮೂಟೆ. ಮೇಡಂ ಹೊರಗೆ ಬಂದರು, ಹತ್ತಲು ಹೋಗಿ ನಿಂತರು.

"ಫೈಲ್ ಮರೆತೆ, ತರ್ತೀನಿ. ಹೊಗೆ ಎಲ್ಲಾ ಮನೆ ಒಳಗೆ ಬರ್ತಿದೆ ನೋಡಿ. ಇಂಜಿನ್ ಆಫ್ ಮಾಡಿ."

ಮಲ್ಲಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಮೇಡಂ ಅವನ ಮುಖವನ್ನೇ ನೋಡುತ್ತಾ ನಿಂತಿದ್ದರು. ಆಫ್ ಮಾಡಿದ.

ದೀಪ ಕುಗ್ಗಿ ಕುಗ್ಗಿ ಬಲ್ಬಿನೊಳಗೆ ಒಂದು ಕೂದಲೆಳೆಯಷ್ಟು ಕೆಂಪು ಉಳಿಯಿತು. ಬ್ಯಾಟರಿ ಬಿಚ್ಚಿ ಬೇರೆ ಹಾಕೋಣವೆಂದರೆ ಆ ಗಳಿಗೆ ದೀಪ ನಂದುತ್ತದೆ, ಅದೂ ನಲವತ್ತೆಂಟನೇ ದಿನ. ಹಾಗೇ ಬಿಟ್ಟರೆ ಗಾಡಿ ಏಳುವುದಿಲ್ಲ. ಗಂಗಾಂಬಿಕಮ್ಮ ಮುಂದಕ್ಕೆ ಬಗ್ಗಿ, ರೆಪ್ಪೆ ಬಡಿಯದೆ ಬಲ್ಬನ್ನೇ ನೋಡುತ್ತಿದ್ದರು. ಮೇಡಮ್ಮಿನ ಚಪ್ಪಲಿ ಸದ್ದು ಮನೆಯೊಳಗೆ ಮಹಡಿ ಹತ್ತಿ ಇಳಿಯತೊಡಗಿತ್ತು.

ಬಾನೆಟ್ ಎತ್ತಿದೆ. ಹಳೇ ಬ್ಯಾಟರಿ ಬಿಚ್ಚಲಿಲ್ಲ. ನನ್ನ ಬ್ಯಾಟರಿ ಪಕ್ಕದಲ್ಲೇ ಇಟ್ಟು ಎರಡು ದಪ್ಪ ಕೇಬಲ್ಲಿನಿಂದ ಇದಕ್ಕೂ ಅದಕ್ಕೂ ಕಚ್ಚಿಸಿದೆ. ದೀಪ ನಂದಲಿಲ್ಲ, ಬದಲಿಗೆ ಭಗ್ಗನೆ ಹೊಳೆಯಿತು. ಬೀದಿಯಲ್ಲಿ ಮಲಗಿದ್ದ ಕೋಳಿ ಇನ್ನೊಮ್ಮೆ ಬೆಳಗಾಯಿತೆಂದು ಕೂಗಿತು.

"ಅಪ್ಪಾ ಸಿದ್ಧಲಿಂಗ!" ಅಂದರು ಗಂಗಾಂಬಿಕಮ್ಮ.

"ಹೊಡಿಯೋ ಸೆಲ್ಫು!" ಅಂದೆ ನಾನು.

ಮೇಡಂ ಫೈಲು ಹಿಡಿದು ಬರುವಷ್ಟರಲ್ಲಿ ಗಾಡಿ ಗುರುಗುಟ್ಟುತ್ತಿತ್ತು, ಕೇಬಲ್ಲು ನನ್ನ ಬಗಲಲ್ಲಿತ್ತು. ಗಡಿಯಾರ ನೋಡಿಕೊಂಡು, "ಪರವಾಗಿಲ್ಲ ಮಲ್ಲಿಕಾರ್ಜುನ್, ಈಗ ಟೈಮಿಗೆ ಸರಿಯಾಗಿ ಬರ್ತಿದ್ದೀರಿ," ಅಂದರು. ಕುಣಿಗಲ್ ತಲುಪಿದ ಮೇಲೆ ವರ್ಷದ ಕಾಂಟ್ರಾಕ್ಟಿಗೆ ಸಹಿ ಹಾಕಿದರು.

ಸಂಜೆ ಎಡೆಯೂರಿನಿಂದ ಬರುತ್ತಾ ಗಂಗಾಂಬಿಕಮ್ಮ ಇಲ್ಲಿ ಇಳಿದು ನನಗೊಂದು ಕಾಯಿ ಹೋಳು ಕೊಟ್ಟರು. ಮಗ ಟೀಗೆ ಹೋಗಿದ್ದ. ಹತ್ತಿರ ಬಂದು ದನಿ ತಗ್ಗಿಸಿದರು.

"ಆ ಬಟನ್ನು ಮೊದಲ್ನೇ ದಿನದಿಂದ್ಲೇ ಚುಚ್ತಿತ್ತು ಕಣಪ್ಪ ಎಲಟ್ರಿ."

ನನ್ನ ಬಾಯಲ್ಲಿದ್ದ ಕಾಯಿ ಅಲ್ಲೇ ನಿಂತಿತು.

"ಮತ್ತೆ ಸುಮ್ನೆ ಯಾಕಿದ್ರಿ ಅಮ್ಮ?"

"ಹುಡುಗನ ಗಾಡಿನೂ ಓಡಬೇಕಲ್ಲ. ಬಾಗಿಲು ತೆಗ್ದು ತೆಗ್ದು ಹೆದರಿಸ್ತಿದ್ದೆ, ಸುಳ್ಳು ಹೇಳೋನು ನಿದ್ದೆ ಕೆಡಬಾರದಾ? ಆದ್ರೆ ಕಡೇ ರಾತ್ರಿನಾದ್ರೂ ದೇವ್ರಿಗೆ ನೆಟ್ಟಗೆ ಉರೀಲಿ ಅಂತ ಮೂಟೆ ತಂದು ಇಟ್ಟೆ."

ಹೇಗಿದೆ? ನಲವತ್ತೆಂಟರಲ್ಲಿ ಒಂದೇ ರಾತ್ರಿ ಉರಿದ ದೀಪಕ್ಕೆ ವರ ಸಿಕ್ಕಿತು ಸ್ವಾಮಿ.

ನಿಮ್ಮ ಮುಖ ನೋಡಿದರೆ ನಂಬಿದ ಹಾಗೆ ಕಾಣುವುದಿಲ್ಲ. ಸರಿ, ಆ ಬಟನ್ ಈಗ ಎಲ್ಲಿದೆ ಗೊತ್ತೇ? ನೀವು ಕೂತಿರುವ ಕುರ್ಚಿಯ ಕೆಳಗೆ. ಆಗಿನಿಂದ ನಮ್ಮಿಬ್ಬರಿಗೂ ಬೀಸುತ್ತಿರುವ ಈ ಫ್ಯಾನು ನೀವು ಕೂತಿರುವುದರಿಂದಲೇ ತಿರುಗುತ್ತಿದೆ. ಪರೀಕ್ಷೆ ಮಾಡಬೇಕೆಂದರೆ ಎದ್ದು ನೋಡಿ. ಆದರೆ ಎದ್ದವರು ಸುಮ್ಮನೆ ಮತ್ತೆ ಕೂರುವ ಹಾಗಿಲ್ಲ, ಅದು ಈ ಶೆಡ್ಡಿನ ಕಾನೂನು. ಎದುರು ಅಂಗಡಿಯಿಂದ ಎರಡು ಟೀ ತಂದೇ ಕೂರಬೇಕು. ನನ್ನದಕ್ಕೆ ಸಕ್ಕರೆ ಜಾಸ್ತಿ ಹಾಕಿಸಿ.