ಮಿಂಚಕ್ಕನ ಮುಂಗೈ

ಮಿಂಚಕ್ಕನ ಎಡ ಮುಂಗೈಯ ಮೇಲೆ, ಬೆಂಕಿಪೊಟ್ಟಣದಷ್ಟು ಅಗಲದ ಒಂದು ಜಾಗದಲ್ಲಿ ಒಂದೇ ಒಂದು ರೋಮವೂ ಇಲ್ಲ. ಒರೆಸಿಟ್ಟ ಸ್ಲೇಟಿನಂತೆ ನುಣುಪಾದ ಆ ಚೌಕವನ್ನು ಕಂಡವರು ಹಳೆಯ ಸುಟ್ಟಗಾಯವೆಂದು ತಿಳಿದು ಮರುಕಪಡುವುದುಂಟು. ಕಣ್ಣಾಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ಕಣ್ಣು ಒಣಗುವ ಕಾಯಿಲೆಯವರಿಗೆ ಬೆಳಕಿನ ಚಿಕಿತ್ಸೆ ಕೊಡುವುದು ಆಕೆಯ ಕೆಲಸ. ರೆಪ್ಪೆಯಂಚಿನ ಸೂಕ್ಷ್ಮ ಗ್ರಂಥಿಗಳಲ್ಲಿ ಚಳಿಗಾಲದ ಎಣ್ಣೆಯಂತೆ ಹೆಪ್ಪುಗಟ್ಟಿದ ಜಿಡ್ಡು ಕರಗಿ ಕಣ್ಣಿನ ತೇವ ಆರದಂತೆ ಕಾಯಲೆಂದು, ಕಣ್ಣಿಗೆ ಲೋಹದ ಮುಚ್ಚಳವಿಟ್ಟು, ಕೆನ್ನೆಗೆ ತಣ್ಣನೆಯ ಜೆಲ್ ಬಳಿದು, ಕಣ್ಣಿನ ಕೆಳಗೆ ಮಿಂಚಿನಂಥ ಬೆಳಕು ಹಾಯಿಸುತ್ತಾಳೆ. ಆದರೆ ಯಾರಿಗೆ ಯಂತ್ರ ಹದಗೊಳಿಸಿದರೂ ಮೊದಲ ಮಿಂಚು ತನ್ನ ಮುಂಗೈಗೇ. ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆಂದು ವೈದ್ಯರು ಹೇಳಿ ಹೇಳಿ ಸೋತಿದ್ದಾರೆ. ಆಕೆ "ಹೌದು ಸಾರ್" ಎನ್ನುತ್ತಾಳೆ, ಮುಂಗೈ ಒಡ್ಡುತ್ತಾಳೆ. ಆ ಮಿಂಚು ತಾಗಿ ತಾಗಿಯೇ ಅಲ್ಲಿನ ರೋಮ ಉದುರಿಹೋಗಿದೆ.

ಇಪ್ಪತ್ತು ವರ್ಷ ಬಸ್ಸು ಓಡಿಸಿದ ಚಾಲಕನೊಬ್ಬ ಈ ಹಟಕ್ಕೆ ಎದುರಾದ. ಕಣ್ಣಲ್ಲಿ ಮರಳು ತುಂಬಿದಂತೆ ಉರಿ, ಅದರ ಜೊತೆಗೆ ಧಾರಾಕಾರ ನೀರು, ರಸ್ತೆಯ ಫಲಕಗಳೆಲ್ಲ ಮಸುಕು. ಡಿಪೋದ ಕಣ್ಣಿನ ಪರೀಕ್ಷೆ ಹತ್ತಿರವಾಗುತ್ತಿತ್ತು. ಅದರಲ್ಲಿ ಸೋತರೆ ಸ್ಟೇರಿಂಗ್ ಬಿಟ್ಟು ಟೈರಿನ ಗೋದಾಮು ಕಾಯಬೇಕು. ಎರಡು ಬಾರಿಯ ಬೆಳಕಿಗೆ ಕಣ್ಣು ತಿಳಿಯಾಗತೊಡಗಿತ್ತು. ಬಿಸಿಲಿಗೆ ಮುಖ ಕೊಡಬೇಡಿ ಎಂದು ಮಿಂಚಕ್ಕ ಎಚ್ಚರಿಸಿದ್ದಳು, ಏಕೆಂದರೆ ಕಪ್ಪಿಟ್ಟ ಚರ್ಮ ಬೆಳಕನ್ನು ಹೆಚ್ಚು ಹೀರಿ ಸುಡುತ್ತದೆ. ಚಾಲಕನ ಕಿಟಕಿಗೆ ಬಿಸಿಲು ಬರಬೇಡವೆನ್ನುವವರು ಯಾರು? ಮೂರನೆಯ ಸಲ ಬಂದಾಗ ಪರೀಕ್ಷೆಗೆ ಐದೇ ವಾರ ಉಳಿದಿತ್ತು. ಆಕೆ ಹತ್ತಿಯಿಂದ ಕಿಟಕಿ ಕಡೆಯ ಕೆನ್ನೆ ಒರೆಸಿದಳು, ಹತ್ತಿ ಘಮಘಮಿಸಿತು.

"ಇದೇನು, ಒಂದೇ ಕೆನ್ನೆಗೆ ಪೌಡರು?"

"ಹೆಂಡತೀದು ಅಕ್ಕ."

"ಅವರಿಗೆ ಗೊತ್ತಾ?"

ಆತ ನಕ್ಕ, ಆಕೆ ನಗಲಿಲ್ಲ. ಮುಂಗೈಯನ್ನು ಅವನ ಕೆನ್ನೆಯ ಪಕ್ಕಕ್ಕೆ ಹಿಡಿದು ಬಣ್ಣ ನೋಡಿದಳು; ಕೆನ್ನೆಯೇ ಹೆಚ್ಚು ಕಪ್ಪು. "ಇವತ್ತು ಬೆಳಕಿಲ್ಲ."

"ಸುಟ್ರೆ ಸುಡಲಿ ಅಕ್ಕ. ಸ್ಟೇರಿಂಗ್ ಹೋದ್ಮೇಲೆ ಈ ಮುಖ ಇಟ್ಕೊಂಡು ನಾನೇನ್ ಮಾಡ್ಲಿ?"

ಮಿಂಚಕ್ಕ ಯಂತ್ರ ಆರಿಸಿ ಸ್ಟೂಲಿನ ಮೇಲೆ ಕುಳಿತಳು. "ಹಿಂದೆ ಒಬ್ಬರು ಟೀಚರ್ ಬಂದಿದ್ರು. ಅವರಿಗಿಂತ ಮುಂಚೆ ಬಂದವರಿಗೆ ಇಟ್ಟಿದ್ದ ಬೆಳಕಿನ ಅಳತೇಲೇ ಗುಂಡಿ ಒತ್ತಿಬಿಟ್ಟೆ. ಕೆನ್ನೆ ಮೇಲೆ ಕಲೆ ಇನ್ನೂ ಇದೆ. ದಾರೀಲಿ ಸಿಕ್ಕಾಗ ಅವರು ನಗ್ತಾರೆ. ನನಗೆ ನಗೋಕಾಗಲ್ಲ."

ಚಾಲಕ ಕೆನ್ನೆಯಲ್ಲಿ ಉಳಿದಿದ್ದ ಪೌಡರನ್ನು ತಾನೇ ಒರೆಸಿಕೊಂಡ. ಅಂದಿನಿಂದ ನಾಲ್ಕು ವಾರ, ದಿನ ಬಿಟ್ಟು ದಿನ, ತನ್ನ ಊಟದ ಬಿಡುವಿನಲ್ಲಿ ಆಕೆ ಅವನ ರೆಪ್ಪೆಗಳಿಗೆ ಬಿಸಿಬಟ್ಟೆಯ ಶಾಖ ಕೊಟ್ಟು, ಬೆರಳ ತುದಿಯಿಂದ ಮೆಲ್ಲಗೆ ಅದುಮಿ ಗಟ್ಟಿಜಿಡ್ಡನ್ನು ಹೊರತೆಗೆದಳು. ಡಬ್ಬಿಯ ಊಟ ತಣ್ಣಗಾಗುತ್ತಿತ್ತು. ಆತ ಕೆನ್ನೆಗೆ ಬಟ್ಟೆ ಸುತ್ತಿಕೊಂಡೇ ಬಸ್ಸು ಓಡಿಸಿದ. ಹಲ್ಲುನೋವೇ ಎಂದು ಕೇಳಿದ ಪ್ರಯಾಣಿಕರಿಗೆಲ್ಲ ಹೌದೆಂದ. ಕೊನೆಗೊಂದು ಮಧ್ಯಾಹ್ನ ಕೆನ್ನೆಯ ಬಣ್ಣ ಆಕೆಯ ಮುಂಗೈಗೆ ಸಮನಾಯಿತು. ಮೊದಲ ಮಿಂಚು ಎಂದಿನಂತೆ ಆಕೆಯ ಕೈಗೆ, ಎರಡನೆಯದು ಅವನಿಗೆ.

ಪರೀಕ್ಷೆಯಾದ ಮರುದಿನ ಆತ ಓಡೋಡಿ ಬಂದು ಪ್ರಮಾಣಪತ್ರವನ್ನು ಆಕೆಯ ಮುಂದೆ ಹಿಡಿದ. ಆಕೆ ಕಾಗದವನ್ನು ಆಮೇಲೆ ನೋಡಿದಳು. ಮೊದಲು ಅವನ ಕೆನ್ನೆಯ ಪಕ್ಕ ಮುಂಗೈ ಹಿಡಿದಳು. ಸುಟ್ಟ ಗುರುತು ಎಲ್ಲೂ ಇರಲಿಲ್ಲ. ಆಗ ನಕ್ಕಳು.

ತಪ್ಪು ಮಾಡಿ ಮರೆತವರು ನಮ್ಮಲ್ಲಿ ಹೇರಳ, ಅದನ್ನೇ ನೆನೆದು ಕೈಚೆಲ್ಲಿ ಕುಳಿತವರೂ ಉಂಟು. ಮಿಂಚಕ್ಕನಂಥವರು ಅಪರೂಪ; ಒಂದು ತಪ್ಪಿನ ನೆನಪನ್ನು ಮೈಮೇಲೆಯೇ ಉಳಿಸಿಕೊಂಡು ಇನ್ನೊಬ್ಬರ ಮೈ ಕಾಯುತ್ತಾರೆ. ಅಂಥವರೆದುರು ಯಾರಾದರೂ ನಿಶ್ಚಿಂತೆಯಿಂದ ಕಣ್ಣು ಮುಚ್ಚಿಕೊಳ್ಳಬಹುದು.