ಸಿಂಹದ ಕೊರಳಿನ ಹಗ್ಗ

ಕೋಟೆಯ ಹೆಬ್ಬಾಗಿಲು ದಾಟಿದ ಕೂಡಲೇ ಎಡಗಡೆಯ ಕಮಾನಿನ ಕೆಳಗೆ ಇಸ್ತ್ರಿ ಅಜ್ಜಿಯ ಮೇಜು. ಬೆಳಗಾಯಿತೆಂದರೆ ಅಜ್ಜಿ ಪೆಟ್ಟಿಗೆಗೆ ಕೆಂಡ ತುಂಬಿ, ಉಫ್ ಎಂದು ಬೂದಿ ಹಾರಿಸಿ, ಒದ್ದೆ ಬೆರಳು ತಾಗಿಸಿ ಕಾವು ನೋಡುತ್ತಿದ್ದಳು. ಪೇಟೆಯ ಅರ್ಧದಷ್ಟು ಅಂಗಿಗಳು ಅವಳ ಕೈ ದಾಟಿಯೇ ಆಫೀಸಿಗೆ ಹೋಗುತ್ತಿದ್ದವು. “ಈ ಊರಿನ ದೊಡ್ಡ ಮನುಷ್ಯರೆಲ್ಲ ನೆಟ್ಟಗೆ ಕಾಣೋದು ನನ್ನಿಂದಾನೇ. ಒಳಗಿನ ಸುಕ್ಕು ಮಾತ್ರ ನನ್ನ ಕೈಲಾಗಲ್ಲಪ್ಪ” ಎಂದು ಬಂದವರನ್ನು ನಗಿಸುತ್ತಿದ್ದಳು.

ಮೇಜಿನ ಹಿಂದೆ, ಕೋಟೆಗೋಡೆಗೇ ಆನಿಸಿ ಕಟ್ಟಿದ ಒಂದೂವರೆ ಕೋಣೆಯ ಮನೆ. ಅಜ್ಜಿ ಮದುವೆಯಾಗಿ ಕಾಲಿಟ್ಟದ್ದು ಅದೇ ಮನೆಗೆ. ಈಗ ಮಗ, ಸೊಸೆ, ಮೊಮ್ಮಗಳೊಡನೆ ಇದ್ದದ್ದೂ ಅಲ್ಲೇ. ಗೋಡೆಯುದ್ದಕ್ಕೂ ಅಂಥವೇ ಮನೆಗಳ ಸಾಲು. ಅಜ್ಜಿಯ ಬಾಗಿಲಿಗೆ ಎದುರಾಗಿ ಆಳೆತ್ತರದ ಕಲ್ಲಿನ ಸಿಂಹವೊಂದು ಕೂತಿತ್ತು. ಯಾವ ರಾಜ ಕೂರಿಸಿದನೋ, ಅದರ ಒಂದು ಕಿವಿ ಯಾವಾಗ ಮುರಿಯಿತೋ ಯಾರಿಗೂ ಗೊತ್ತಿರಲಿಲ್ಲ. ಸೊಸೆ ಅದರ ಕೊರಳಿನಿಂದ ಕಿಟಕಿಯ ಸರಳಿಗೆ ಹಗ್ಗ ಬಿಗಿದು ಬಟ್ಟೆ ಒಣಹಾಕುತ್ತಿದ್ದಳು.

ಆ ಓಣಿಯ ಮಕ್ಕಳು ‘ಫೋಟೋ ಅಕ್ಕ’ ಎಂದು ಕರೆಯುತ್ತಿದ್ದವಳು ಅಣ್ಣನ ಸ್ಟುಡಿಯೋದಲ್ಲಿ ಮದುವೆ ಫೋಟೋ ತೆಗೆಯುವವಳು. ಬಿಡುವು ಸಿಕ್ಕಾಗಲೆಲ್ಲ ಕ್ಯಾಮೆರಾ ಹೆಗಲಿಗೇರಿಸಿ ಕೋಟೆಯೊಳಗೆ ಸುತ್ತುತ್ತಿದ್ದಳು. ದಣಿದಾಗ ಅಜ್ಜಿಯ ಮೇಜಿನ ಪಕ್ಕದ ಕಲ್ಲಿನ ಮೇಲೆ ಕೂರುವುದು, ಅಜ್ಜಿ ಕೊಟ್ಟ ಟೀ ಕುಡಿಯುವುದು ಅಭ್ಯಾಸವಾಗಿತ್ತು. ಆದರೆ ಯಾರದೇ ಚಿತ್ರ ತೆಗೆಯುವ ಮುಂಚೆ ಅವಳು ಕೇಳುತ್ತಿರಲಿಲ್ಲ. ಕೇಳಿದರೆ ಜನ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತುಬಿಡುತ್ತಾರೆ, ಚಿತ್ರ ಅಲ್ಲೇ ಸಾಯುತ್ತದೆ ಎಂಬುದು ಅವಳ ನಂಬಿಕೆ.

ಮಳೆ ನಿಂತ ಒಂದು ಬೆಳಗ್ಗೆ ಹೆಬ್ಬಾಗಿಲಿನಿಂದ ಬಿಸಿಲು ಓರೆಯಾಗಿ ಒಳಬಂದಿತ್ತು. ಹಗ್ಗದ ಮೇಲಿನ ಒದ್ದೆ ಬಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಸಿಂಹದ ಎರಡು ಪಂಜಗಳ ನಡುವೆ ಮೊಮ್ಮಗಳು ಕುಕ್ಕರಗಾಲಲ್ಲಿ ಕೂತು, ಬಾಯಿ ತುಂಬ ನೊರೆ ಮಾಡಿಕೊಂಡು ಹಲ್ಲುಜ್ಜುತ್ತಿದ್ದಳು. ಫೋಟೋ ಅಕ್ಕ ದೂರದಿಂದಲೇ ಒಂದು ಚಿತ್ರ ತೆಗೆದಳು. ಯಾರೂ ನೋಡಲಿಲ್ಲ. ಅವಳೂ ಹೇಳಲಿಲ್ಲ.

ಆ ಚಿತ್ರಕ್ಕೆ ‘ಬೆಳಗು’ ಎಂದು ಹೆಸರಿಟ್ಟು, ಹಳೆಯ ಸ್ಮಾರಕಗಳ ಕುರಿತ ಫೋಟೋ ಸ್ಪರ್ಧೆಗೆ ಕಳಿಸಿದಳು. ಮೊದಲ ಬಹುಮಾನ ಬಂತು. ಹಾರ, ಚಪ್ಪಾಳೆ ಎಲ್ಲ ಆಯಿತು. ಮಾರನೆಯ ದಿನ ಪತ್ರಿಕೆ ಅದನ್ನು ಮುಖಪುಟದಲ್ಲಿ ದೊಡ್ಡದಾಗಿ ಹಾಕಿತು. ‘ಬೆಳಗು’ ಎಂಬ ಹೆಸರು ಮಾತ್ರ ಇರಲಿಲ್ಲ. ‘ನಮ್ಮ ಪರಂಪರೆಯ ಕೊರಳಿಗೆ ನೇಣು’ ಎಂದು ದಪ್ಪಕ್ಷರದ ತಲೆಬರಹವಿತ್ತು.

ಊರು ಸಿಟ್ಟಿಗೆದ್ದಿತು. ಕೋಟೆಯ ಕಡೆ ಎಂದೂ ತಲೆಹಾಕದವರೂ ಸಿಂಹಕ್ಕಾಗಿ ಮರುಗಿದರು. ವಾರಗಳು ಉರುಳುವುದರೊಳಗೆ ಗೋಡೆಸಾಲಿನ ಪ್ರತಿ ಮನೆಯ ಬಾಗಿಲಿಗೂ ತೆರವಿನ ನೋಟೀಸು ಅಂಟಿತು. ನೋಟೀಸಿನ ಕೆಳಗೆ, ಅತಿಕ್ರಮಣಕ್ಕೆ ಸಾಕ್ಷಿಯೆಂದು, ಅವಳದೇ ಚಿತ್ರ.

ಅವಳು ನೇರವಾಗಿ ಸ್ಮಾರಕಗಳ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಕೆಟ್ಟವನಾಗಿರಲಿಲ್ಲ. ಎದ್ದು ನಿಂತು ಕುರ್ಚಿ ತೋರಿಸಿದ.

“ಸರ್, ನಾನು ತೆಗೆದಿದ್ದು ಒಂದು ಮನೇನ. ಅತಿಕ್ರಮಣಾನ ಅಲ್ಲ. ಆ ಚಿತ್ರ ವಾಪಸ್ ತಗೋತೀನಿ.”

“ತಗೊಳ್ಳಿ ಮೇಡಂ. ಹಗ್ಗ ವಾಪಸ್ ಹೋಗುತ್ತಾ?” ಎಂದ ಆತ, ಮೆಲ್ಲಗೆ. “ನೀವು ಹೊರಗಿನಿಂದ ನೋಡಿದ್ದೀರಿ. ಒಲೆ ಹೊಗೆಗೆ ಗೋಡೆ ಮೇಲಿನ ಕೆತ್ತನೆ ಎಲ್ಲ ಕರಿ ಹಿಡಿದುಹೋಗಿದೆ. ಮೊಳೆ ಹೊಡೆದು ಹೊಡೆದು ಕಲ್ಲು ಸೀಳಿದೆ. ಅದು ಹೋದ್ರೆ ಮತ್ತೆ ಯಾರು ಮಾಡಿಕೊಡ್ತಾರೆ?”

“ಜನ ಹೋದ್ರೆ?”

“ಅವರಿಗೆ ಊರಾಚೆ ಜಾಗ ಕೊಟ್ಟಿದ್ದೀವಲ್ಲ. ಎಷ್ಟೋ ವರ್ಷದಿಂದ ನೆನೆಗುದಿಗೆ ಬಿದ್ದಿದ್ದ ಕೆಲಸ ಇದು. ನಿಜ ಹೇಳ್ತೀನಿ, ನಿಮ್ಮ ಚಿತ್ರ ಬರದೇ ಇದ್ದಿದ್ರೆ ಮೇಲಿನವರು ಕಣ್ಣೇ ಬಿಡ್ತಿರಲಿಲ್ಲ.” ಆತ ಅದನ್ನು ಹೊಗಳಿಕೆಯೆಂದೇ ಹೇಳಿದ್ದ.

ಪತ್ರಿಕೆಗೂ ಹೋಗಿ ಅದನ್ನೇ ಹೇಳಿದಳು; ಅವರು ಅವಳ ಮಾತನ್ನು ಒಂದು ಮೂಲೆಯಲ್ಲೂ ಹಾಕಲು ಒಪ್ಪಲಿಲ್ಲ. ಸ್ಟುಡಿಯೋಗೆ ಬಂದವಳೇ ಗಾಜಿನ ಕಿಟಕಿಯಲ್ಲಿಟ್ಟಿದ್ದ ಆ ಚಿತ್ರವನ್ನು ಕೆಳಗಿಳಿಸಿದಳು. ಅಣ್ಣ ಅದನ್ನು ಮತ್ತೆ ಅಲ್ಲೇ ಇಟ್ಟ.

“ನೀನೇನು ಸುಳ್ಳು ತೆಗೆದೆಯೇನೇ? ಇದ್ದದ್ದನ್ನ ತೆಗೆದೆ. ಓದೋರು ತಪ್ಪಾಗಿ ಓದಿದ್ರೆ ಅದು ನಿನ್ನ ತಲೆಗ್ಯಾಕೆ?”

“ಆ ಮನೆಯೋರಿಗೆ ತೋರಿಸಿದ್ನಾ ಅಣ್ಣ? ಊರಿಗೆಲ್ಲ ತೋರಿಸಿದೆ, ಅವರಿಗೆ ತೋರಿಸಲಿಲ್ಲ.”

ಅಣ್ಣ ಲೆನ್ಸು ಒರೆಸುತ್ತ ಕೂತ.

ತೆರವಿನ ದಿನ ಅವಳು ಹೋದಳು, ಮುಖ ತೋರಿಸುವ ಧೈರ್ಯವಿಲ್ಲದಿದ್ದರೂ. ಬುಲ್ಡೋಜರ್ ಹೆಬ್ಬಾಗಿಲಲ್ಲಿ ಹಿಡಿಸದೆ, ಆಳುಗಳು ಹಾರೆ ಸುತ್ತಿಗೆ ಹಿಡಿದು ಒಳಗೆ ಬಂದಿದ್ದರು. ಪತ್ರಿಕೆಯ ಫೋಟೋಗ್ರಾಫರುಗಳು ಸಾಲಾಗಿ ನಿಂತಿದ್ದರು. “ನೀವೂ ತೆಗೀರಿ ಮೇಡಂ, ಕಥೆ ಶುರುಮಾಡಿದ್ದೇ ನೀವಲ್ವಾ” ಎಂದು ಒಬ್ಬ ಜಾಗ ಬಿಟ್ಟುಕೊಟ್ಟ. ಅವಳು ಕ್ಯಾಮೆರಾ ಹೊರತೆಗೆಯದೆ ಅಜ್ಜಿಯ ಮನೆಯೊಳಗೆ ನುಗ್ಗಿದಳು. ಮಗ ಮಂಚದ ಒಂದು ತುದಿ ಹಿಡಿದು, ಇನ್ನೊಂದು ತುದಿಗೆ ಯಾರಿಗಾಗಿಯೋ ಕಾಯುತ್ತಿದ್ದ. ಅವಳು ಹಿಡಿದಳು.

ಸೊಸೆ ಮಾತ್ರ ದಾರಿಗೆ ಅಡ್ಡ ಬಂದಳು. “ನೀವು ಬಿಡಿ ಅಕ್ಕ. ನಿಮ್ಮ ಕೈ ನೋಯುತ್ತೆ. ಅದರಿಂದ ಎಷ್ಟು ಕೆಲಸ ಆಗಿದೆ ಅಂತ ಗೊತ್ತು ನಮಗೆ.”

“ಹೋಗ್ಲಿ ಬಿಡೇ” ಎಂದಳು ಅಜ್ಜಿ, ಸೊಸೆಯ ಮುಖ ನೋಡದೆ. “ಮಂಚ ಭಾರ ಇದೆ. ಹಿಡ್ಕೊಳ್ಳಲಿ.”

ಮಧ್ಯಾಹ್ನದ ಹೊತ್ತಿಗೆ ಸಾಲು ಮನೆಗಳಿದ್ದ ಜಾಗದಲ್ಲಿ ಗೋಡೆ ಬರಿಮೈಯಾಗಿ ನಿಂತಿತ್ತು.

ಕೋಟೆ ಈಗ ಚೆಂದವಾಗಿದೆ. ಹುಲ್ಲುಹಾಸು, ದೀಪ, ಟಿಕೆಟ್ಟು ಎಲ್ಲ ಬಂದಿವೆ. ಸಿಂಹದ ಸುತ್ತ ಕಬ್ಬಿಣದ ಬೇಲಿ. ಮದುವೆ ನಿಶ್ಚಯವಾದ ಜೋಡಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಮುಗಿಬೀಳುತ್ತಾರೆ. ಅಂಥ ಒಂದು ಜೋಡಿ ಬಹುಮಾನ ಗೆದ್ದವರೇ ಬೇಕೆಂದು ಸ್ಟುಡಿಯೋಗೆ ಬಂದಾಗ ಅವಳು ಆಗುವುದಿಲ್ಲವೆಂದಳು. ಅಣ್ಣ ಗೊಣಗುತ್ತ ತಾನೇ ಹೋಗಿ ತೆಗೆದು ಬಂದ. ಅವಳು ಬಿಟ್ಟದ್ದರಿಂದ ಏನೂ ನಿಲ್ಲಲಿಲ್ಲ.

ಊರಾಚೆಯ ಜಾಗವೆಂದರೆ ಮರವಿಲ್ಲದ ಬಯಲಿನಲ್ಲಿ ತಗಡಿನ ಶೆಡ್ಡುಗಳು. ಅವಳು ಆಗಾಗ ಹೋಗತೊಡಗಿದಳು. ಮೊದಲ ಸಲ ಸೊಸೆ ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಆಮೇಲಾಮೇಲೆ ಬಾಗಿಲು ತೆರೆದೇ ಇರುತ್ತಿತ್ತು, ಮಾತು ಮಾತ್ರ ಇರುತ್ತಿರಲಿಲ್ಲ. ಮಗನಿಗೆ ಕೆಲಸ ದೂರವಾಯಿತು. ಮೊಮ್ಮಗಳ ಶಾಲೆ ಇನ್ನೂ ದೂರ. ಬಸ್ಸು ಬಂದ ದಿನ ಹೋಗುತ್ತಿದ್ದಳು, ಬಾರದ ದಿನ ಬಯಲಿನಲ್ಲಿ ಅಲೆಯುತ್ತಿದ್ದಳು. ಇಸ್ತ್ರಿ ಪೆಟ್ಟಿಗೆ ಮೂಲೆಯಲ್ಲಿ ತಣ್ಣಗೆ ಬಿದ್ದಿತ್ತು.

“ಇಲ್ಲಿ ಯಾರಮ್ಮ ಇಸ್ತ್ರಿ ಬಟ್ಟೆ ಹಾಕ್ಕೊಂಡು ಓಡಾಡ್ತಾರೆ?” ಎಂದಳು ಅಜ್ಜಿ ಒಂದು ಸಂಜೆ. ಅವತ್ತು ಫೋಟೋ ಅಕ್ಕ ಯಾವುದೋ ಮದುವೆ ಮುಗಿಸಿ, ಕ್ಯಾಮೆರಾ ಚೀಲದೊಡನೆ ನೇರ ಅಲ್ಲಿಗೇ ಬಂದಿದ್ದಳು.

ಅಜ್ಜಿಯೇ ಮತ್ತೆ ಬಾಯಿಬಿಟ್ಟಳು. “ಸಿಟ್ಟಿಲ್ಲ ಕಣಮ್ಮ. ಓಡಿಸೋರು ಇವತ್ತಲ್ಲ ನಾಳೆ ಓಡಿಸ್ತಿದ್ರು. ಆದ್ರೆ ನೀನು ದಿನಾ ಬಂದು ಪಕ್ಕದಲ್ಲೇ ಕೂರ್ತಿದ್ದೆ. ಒಂದು ಮಾತು ಕೇಳಿದ್ದಿದ್ರೆ, ನಾನೇ ಹಗ್ಗ ಬಿಚ್ಚಿಸ್ತಿದ್ದೆ. ಮಗೂಗೆ ತಲೆ ಬಾಚಿ, ಒಳ್ಳೆ ಫ್ರಾಕು ಹಾಕಿ ನಿಲ್ಲಿಸ್ತಿದ್ದೆ. ಊರೆಲ್ಲ ನೋಡಿದ್ದು ನಮ್ಮ ಒದ್ದೆ ಬಟ್ಟೇನ.”

ಅವಳು ತಲೆ ತಗ್ಗಿಸಿದಳು. ಹಾಗೆ ನಿಲ್ಲಿಸಿ ತೆಗೆದ ಚಿತ್ರಕ್ಕೆ ಯಾವ ಬಹುಮಾನವೂ ಬರುತ್ತಿರಲಿಲ್ಲ. ಅದನ್ನು ಯಾರೂ ಯಾವುದಕ್ಕೂ ಸಾಕ್ಷಿಯಾಗಿ ಅಂಟಿಸುತ್ತಲೂ ಇರಲಿಲ್ಲ.

ಹೊತ್ತು ಇಳಿಯುತ್ತಿತ್ತು. ತಗಡಿನ ಮೊಳೆತೂತುಗಳಿಂದ ಇಳಿಬಿಸಿಲು ಒಳನುಗ್ಗಿ, ಅಜ್ಜಿಯ ಮುಖದ ಮೇಲೆ, ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಕೈಗಳ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ಕೂತಿತು. ಅಂಥ ಬೆಳಕನ್ನು ಅವಳು ಎಂದೂ ಕಂಡಿರಲಿಲ್ಲ. ಕೈ ತಾನಾಗಿ ಚೀಲಕ್ಕೆ ಹೋಯಿತು, ಲೆನ್ಸಿನ ಮುಚ್ಚಳವನ್ನೂ ತೆಗೆಯಿತು. ಅಲ್ಲಿಗೆ ನಿಂತಿತು.

“ಅಜ್ಜಿ, ನಿಮ್ಮದೊಂದು ಫೋಟೋ ತೆಗೀಲಾ?”

ಅಜ್ಜಿ ಅವಳನ್ನೇ ಬಹಳ ಹೊತ್ತು ನೋಡಿದಳು. ಚುಕ್ಕೆಗಳು ಕೆನ್ನೆಯಿಂದ ಕೊರಳಿಗೆ ಜಾರಿದವು.

“ಬೇಡ ಕಣಮ್ಮ.”

“ಸರಿ ಅಜ್ಜಿ.”

ಅವಳು ಮುಚ್ಚಳ ಹಾಕಿ ಕ್ಯಾಮೆರಾ ಒಳಗಿಟ್ಟಳು. ಬೆಳಕು ಅಜ್ಜಿಯ ಮೈಯಿಂದ ತಗಡಿಗೆ, ತಗಡಿನಿಂದ ನೆಲಕ್ಕೆ ಸರಿದು ಆರಿತು. ಒಳಗೆ ಕತ್ತಲಾದ ಮೇಲೂ ಅವಳು ಎದ್ದು ಹೋಗಲಿಲ್ಲ. ಸೊಸೆ ಒಂದು ಲೋಟ ನೀರು ತಂದು ಅವಳ ಪಕ್ಕದಲ್ಲಿಟ್ಟು, ಒಲೆ ಹಚ್ಚಲು ಹೊರಗೆ ಹೋದಳು.