ಲಕ್ಕಯ್ಯನ ಕಾಲಿಗೆ ತಾಳ ಸಿಕ್ಕಿದ್ದು

ಹೊಂಗಡಹಳ್ಳ ಊರಿನ ಆಚೆಗಿನ ಕಾಫಿ ಎಸ್ಟೇಟೊಂದರಲ್ಲಿ ಲಕ್ಕಯ್ಯ ಇಪ್ಪತ್ತಾರು ವರ್ಷದಿಂದ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಮೂರು ತೋಟಗಳಲ್ಲಿ ಯಾರು ಯಾವುದಕ್ಕೆಂದು ಹಂಚುವುದು, ಆಮೇಲೆ ಸಂಜೆಯ ತನಕ ಗುಡ್ಡ ಹತ್ತಿಳಿದು ಕೆಲಸ ನೋಡುವುದು. ದೂರದಲ್ಲಿ ಅವನ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಆಳುಗಳು ಬೀಡಿ ನಂದಿಸಿ ಗಿಡಕ್ಕೆ ಕೈ ಹಾಕುತ್ತಿದ್ದರು. ಅಂಥವನ ಕಾಲು ೧೯೯೯ರ ಬೇಸಿಗೆಯಲ್ಲಿ ಒಂದು ದಿನ ಸ್ಟೋರಿನ ಬಾಗಿಲಲ್ಲಿ ನೆಲಕ್ಕೆ ಅಂಟಿಕೊಂಡುಬಿಟ್ಟಿತು.

ನೋವಿಲ್ಲ, ಜೋಮಿಲ್ಲ. ಹೊಸ್ತಿಲು ದಾಟು ಎಂದು ಮನಸ್ಸು ಹೇಳುತ್ತಿದೆ, ಪಾದ ಕೇಳುತ್ತಿಲ್ಲ. ಮುಂದಕ್ಕೆ ಬಾಗಿದ. ಮಂಡಿ ಗಡಗಡ ನಡುಗಿತೇ ಹೊರತು ಕಾಲು ಕಿತ್ತು ಬರಲಿಲ್ಲ. ಹಿಂದೆ ಗೊಬ್ಬರದ ಮೂಟೆ ಹೊತ್ತು ನಿಂತಿದ್ದ ಹಳೇ ಆಳು ಕುಳ್ಳಯ್ಯ, "ರೈಟ್ರೇ, ದಾರಿ ಬುಡ್ರಿ, ಬೆನ್ನು ಮುರೀತೈತೆ" ಎಂದ. ಲಕ್ಕಯ್ಯ ಚೌಕಟ್ಟು ಹಿಡಿದು, ಏನೋ ಲೆಕ್ಕ ನೆನಪು ಮಾಡಿಕೊಳ್ಳುವವನಂತೆ ನಟಿಸಿದ.

ಹಾಸನದ ಡಾಕ್ಟರು ಪರೀಕ್ಷೆ ಮಾಡಿ ಪಾರ್ಕಿನ್ಸನ್ ಎಂದು ಕಾಯಿಲೆಯ ಹೆಸರು ಹೇಳಿದರು. ಆಗಲೇ ಶುರುವಾಗಿದ್ದ ಕೈನಡುಕ ಮಾತ್ರೆಯಿಂದ ಹತೋಟಿಗೆ ಬಂತು. ಆದರೆ ಬಾಗಿಲು, ತಿರುವು, ಇಕ್ಕಟ್ಟಿನ ಕಾಲುದಾರಿ ಎದುರಾದರೆ ಕಾಲು ಮತ್ತೆ ಕಚ್ಚಿಕೊಳ್ಳುತ್ತಿತ್ತು. ಆಳುಗಳ ಲೈನ್ ಮನೆಗಳ ಹೆಂಗಸರು "ಗಾಳಿ ಸೋಕೈತೆ" ಎಂದು ಮಾತಾಡಿಕೊಂಡರು. ಎಸ್ಟೇಟಿನ ಸಾವ್ಕಾರ ಮಂಜುನಾಥ ಒಳ್ಳೆಯ ಮನಸ್ಸಿನಿಂದಲೇ, "ಲಕ್ಕಯ್ಯ, ನೀನಿನ್ನು ಆಫೀಸಲ್ಲಿ ಕೂತ್ಕೊ. ತೋಟ ಸುತ್ತೋಕೆ ಬೇರೆಯವ್ರನ್ನ ನೋಡ್ತೀನಿ" ಎಂದರು. ಏಳು ತಿಂಗಳು ಲಕ್ಕಯ್ಯ ಕುರ್ಚಿಯಲ್ಲಿ ಕೂತ. ಕಿಟಕಿಯಾಚೆ ಮರುವರ್ಷದ ಹೂಮಳೆ ಬಂತು, ಕಾಫಿ ಹೂ ಬಿಟ್ಟು ಬೆಟ್ಟವೆಲ್ಲ ಘಮ್ಮೆಂದಿತು. ಅವನು ತಲೆ ಎತ್ತಿ ನೋಡಲಿಲ್ಲ.

ಅವನ ಮಗಳು ಮಧುಶ್ರೀ ಸಕಲೇಶಪುರದಲ್ಲಿ ಪಿಯುಸಿ ಓದುತ್ತ, ಅಲ್ಲೇ ಜಗದಾಂಬ ಟೀಚರ ಹತ್ತಿರ ಸಂಗೀತ ಕಲಿಯುತ್ತಿದ್ದಳು. ಕಳಿಸಿದವಳು ತಾಯಿ ವಿಶಾಲಮ್ಮ. ಲಕ್ಕಯ್ಯನಿಗೆ ಅದು ಎಳ್ಳಷ್ಟೂ ಹಿಡಿಸಿರಲಿಲ್ಲ. "ಒಂದೇ ಅಕ್ಷರ ಇಟ್ಕೊಂಡು ಎಷ್ಟೊತ್ತು ಎಳೀತಾರೆ ಮಾರಾಯ" ಎಂದು ಸಿಕ್ಕಿದವರ ಹತ್ತಿರವೆಲ್ಲ ಗೊಣಗುತ್ತಿದ್ದ.

ಒಂದು ಬೆಳಿಗ್ಗೆ ಕಾಫಿ ಕುಡಿದು ಎದ್ದವನು ಅಡಿಗೆಮನೆಯ ಬಾಗಿಲಲ್ಲಿ ಸಿಕ್ಕಿಕೊಂಡ. ವಿಶಾಲಮ್ಮ ಕೊಟ್ಟಿಗೆಯಲ್ಲಿದ್ದಳು. ಹಜಾರದಲ್ಲಿ ಮಧುಶ್ರೀ ಕಣ್ಣುಮುಚ್ಚಿ, ತೊಡೆಯ ಮೇಲೆ ಆದಿತಾಳ ತಟ್ಟುತ್ತ ಸರಳೆ ವರಸೆ ಹಾಡುತ್ತಿದ್ದಳು. ಮಗಳನ್ನು ಕರೆಯಲು ನಾಚಿಕೆಯಾಗಿ ಲಕ್ಕಯ್ಯ ಸುಮ್ಮನೆ ನಿಂತ. ಬೇರೆ ಕೆಲಸವಿಲ್ಲದ್ದಕ್ಕೆ ಕೇಳಿಸಿಕೊಂಡ. ಪೆಟ್ಟು ಬೀಳುತ್ತಿತ್ತು, ಸ್ವರ ಅದರ ಮೇಲೇ ಬಂದು ಕೂರುತ್ತಿತ್ತು. ಮತ್ತೆ ಪೆಟ್ಟು, ಮತ್ತೆ ಸ್ವರ. ಮೊದಲು ಅವನ ಕತ್ತು ಆಡಿತು. ಆಮೇಲೆ ಒಂದು ಪೆಟ್ಟು ಬಿದ್ದಾಗ ಬಲಗಾಲು, ಯಾರೋ ಎತ್ತಿಟ್ಟ ಹಾಗೆ, ಹೊಸ್ತಿಲಾಚೆ ಬಂತು. ಮುಂದಿನದಕ್ಕೆ ಎಡಗಾಲು. ಸ, ರಿ, ಗ, ಮ. ಲಕ್ಕಯ್ಯ ಹಜಾರದ ನಡುವೆ ನಡೆಯುತ್ತಿದ್ದ!

ಕಣ್ಣುಬಿಟ್ಟ ಮಧುಶ್ರೀ ಬೆರಗಾಗಿ ಹಾಡು ನಿಲ್ಲಿಸಿದಳು. ಅವನ ಕಾಲೂ ನಿಂತಿತು.

"ನಿಲ್ಲಿಸ್ಬೇಡ ಕಣೆ! ಹೇಳು, ಹೇಳು!"

ಅವಳು ಮತ್ತೆ ಎತ್ತಿಕೊಂಡಳು. ಲಕ್ಕಯ್ಯ ಬಾಗಿಲು ದಾಟಿ, ಮೆಟ್ಟಿಲಿಳಿದು, ಅಂಗಳಕ್ಕೆ ಬಂದ. ಹಾಲಿನ ಚೊಂಬು ಹಿಡಿದ ವಿಶಾಲಮ್ಮ ನಿಂತಲ್ಲೇ ನಿಂತಳು. "ಅಯ್ಯೋ, ಏನ್ರೀ ಇದು! ಹೆಂಗ್ ಬಂದ್ರಿ?" ಎಂದಳು. "ನಿನ್ನ ಮಗಳು ನಡೆಸ್ಕೊಂಡು ಬಂದ್ಲು ಕಣೆ" ಎಂದ ಲಕ್ಕಯ್ಯ.

ಆ ವಾರವೇ ಮೂವರೂ ಹಾಸನಕ್ಕೆ ಹೋದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಮಗಳು ಹಾಡಿದಳು, ಅಪ್ಪ ನಡೆದ. ಡಾಕ್ಟರು ಎರಡು ಸಲ ಮಾಡಿಸಿ ನೋಡಿ ನಕ್ಕರು. "ನಾವು ನಡೆಯುವಾಗ ಹೆಜ್ಜೆಹೆಜ್ಜೆಗೂ ಯೋಚನೆ ಮಾಡೋದಿಲ್ಲ. ಮೆದುಳಿನ ಆಳದಲ್ಲಿರೋ ಒಂದು ಭಾಗ ಆ ಲಯ ನೋಡ್ಕೊಳ್ಳುತ್ತೆ. ನಿಮಗೆ ಆ ಭಾಗ ಸೊರಗಿದೆ. ಕಿವಿಯಿಂದ ತಾಳ ಒಳಗೆ ಹೋದಾಗ ಮೆದುಳು ಬೇರೆ ದಾರಿ ಹಿಡಿದು ಕಾಲಿಗೆ ಸುದ್ದಿ ಮುಟ್ಟಿಸುತ್ತೆ."

"ಶಿರಾಡಿ ಘಾಟಿಲಿ ಗುಡ್ಡ ಕುಸಿದ್ರೆ ಬಸ್ಸು ಬಿಸಿಲೆ ಮೇಲೆ ಹೋಯ್ತದಲ್ಲ, ಹಂಗಾ ಸ್ವಾಮಿ?" ಎಂದ ಲಕ್ಕಯ್ಯ.

"ಹಾಗೇ ಅಂದ್ಕೊಳ್ಳಿ. ಆದ್ರೆ ಆ ದಾರೀಲಿ ದಿನಾ ಓಡಾಡಬೇಕು. ಮಾತ್ರೆ ಮಾತ್ರ ಬಿಡಬೇಡಿ."

ಹೀಗೆ ಐವತ್ತೈದನೇ ವಯಸ್ಸಿನಲ್ಲಿ ಲಕ್ಕಯ್ಯ, ಲಂಗ ತೊಟ್ಟ ಹುಡುಗಿಯರ ಸಾಲಿನ ಕೊನೆಯಲ್ಲಿ, ಜಗದಾಂಬ ಟೀಚರ ಎದುರು ಚಾಪೆಯ ಮೇಲೆ ಕೂತ. ಮೊದಲ ದಿನ ಅವನು ಬಾಯಿಬಿಟ್ಟಾಗ ಹುಡುಗಿಯರು ಕಿಸಕ್ಕೆಂದರು. ಟೀಚರು ಅವರನ್ನು ಗದರಿಸಿ, "ಲಕ್ಕಯ್ಯನೋರೆ, ಕಂಠ ಹೇಗಾದ್ರೂ ಇರ್ಲಿ, ಲಯ ಬಿಡಬೇಡಿ" ಎಂದರು. ಕೇಳಲು ಮೃದಂಗದ, ವೀಣೆಯ ಕ್ಯಾಸೆಟ್ ಕೊಟ್ಟರು. ಬೆಳಿಗ್ಗೆ ಅರ್ಧ ಗಂಟೆ ಕೇಳಿ ಹೊರಟರೆ, ಟೇಪ್ ನಿಂತ ಮೇಲೂ ತುಸು ಹೊತ್ತು ಹೆಜ್ಜೆ ಹಗುರಾಗಿರುವುದು ಲಕ್ಕಯ್ಯನ ಗಮನಕ್ಕೆ ಬಂತು.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಉಮೇದಿನಲ್ಲಿ ಎರಡನೇ ಕಾಲದ ದುಪ್ಪಟ್ಟು ವೇಗದಲ್ಲಿ ನಡೆಯಲು ಹೋಗಿ ಕಾಫಿ ಕಣದಲ್ಲಿ ಮುಗ್ಗರಿಸಿ ಮೊಣಕೈ ತರಚಿಕೊಂಡ. "ನಿಮ್ಮ ಕಾಲಿಗೆ ಒಂದನೇ ಕಾಲವೇ ಸರಿ" ಎಂದು ಟೀಚರು ನಕ್ಕರು. ಮಗಳು ಹಾಡದಿದ್ದರೆ ಮೊದಮೊದಲು ಕಾಲೇ ಏಳುತ್ತಿರಲಿಲ್ಲ. ತಾನೇ ಗಟ್ಟಿಯಾಗಿ ಹೇಳಿಕೊಂಡು ನಡೆಯಲು ಮೂರು ತಿಂಗಳು ಹಿಡಿಯಿತು. ಈ ನಡುವೆ ಒಂದು ದಿನ ವೀಣೆಯ ಕ್ಯಾಸೆಟ್ ಮುಗಿದಾಗ, ನಡೆಯಲು ಏಳುವುದನ್ನೇ ಮರೆತು ಅದನ್ನು ಇನ್ನೊಮ್ಮೆ ಹಾಕಿಕೊಂಡು ಕೂತಿದ್ದ. ವಿಶಾಲಮ್ಮ ನೋಡಿಯೂ ನೋಡದವಳಂತೆ ಹೋದಳು.

ಆ ವರ್ಷದ ಡಿಸೆಂಬರಿನಲ್ಲಿ ಹಣ್ಣು ಕೊಯ್ಲು ಜೋರಾಯಿತು. ಹಳ್ಳದಾಚೆಯ ತೋಟದಿಂದ ಹಣ್ಣಿನ ಜೊತೆ ಹಸಿರು ಕಾಯಿಯೂ ಬರುತ್ತಿತ್ತು, ಸಾವ್ಕಾರರಿಗೆ ಬೇರೆಯವರು ಸಿಕ್ಕದೆ ಅಲ್ಲಿ ನೋಡುವವರಿರಲಿಲ್ಲ. ಮಧುಶ್ರೀ ಕಾಲೇಜಿಗೆ ಹೋಗಿದ್ದಳು. ಲಕ್ಕಯ್ಯ ಯಾರಿಗೂ ಹೇಳದೆ ಕೋಲು ಹಿಡಿದು ಹೊರಟ.

ಹಳ್ಳಕ್ಕೆ ಎರಡು ಮರದ ದಿಮ್ಮಿ ಜೋಡಿಸಿ ಹಾಕಿದ ಸಂಕವೇ ದಾರಿ. ಹಿಡಿಯಲು ಒಂದೇ ಬಿದಿರು. ಇಕ್ಕಟ್ಟು ಎಂದರೆ ಕಚ್ಚಿಕೊಳ್ಳುವ ಕಾಲಿಗೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. ಲಕ್ಕಯ್ಯ ಉಸಿರೆಳೆದು, ಹಾಜರಿ ಕೂಗುವ ದನಿಯಲ್ಲೇ "ಸಾ, ರೀ, ಗಾ, ಮಾ" ಎಂದು ಶುರು ಮಾಡಿ ಕಾಲಿಟ್ಟ. ಆಚೆ ದಡದ ಆಳುಗಳು ಗಿಡದ ಮರೆಯಿಂದ ಇಣುಕಿದರು. ಅರ್ಧ ದಾರಿಯಲ್ಲಿ ನೀರಿನ ಭೋರ್ಗರೆತಕ್ಕೆ ಅವನ ದನಿ ಅವನಿಗೇ ಕೇಳದಾಯಿತು. ತಾಳ ತಪ್ಪಿತು. ಕಾಲು ಕಚ್ಚಿಕೊಂಡಿತು.

ಕೆಳಗೆ ನೋಡಲಿಲ್ಲ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಎಡಗೈಯಲ್ಲಿ ಬಿದಿರು ಹಿಡಿದು, ಬಲಗೈಯಿಂದ ಎದೆಗೇ ತಟ್ಟಿಕೊಂಡ. ಒಂದು ಪೆಟ್ಟು. ಇನ್ನೊಂದು. ಕಿವಿಗೆ ಕೇಳದ ತಾಳ ಎದೆಗೂಡಿನಲ್ಲಿ ಗುದ್ದಿತು. ತಾಳದ ಮೂರನೇ ಸುತ್ತಿಗೆ ಬಲಗಾಲು ಎದ್ದಿತು. ಆಮೇಲೆ ನಿಲ್ಲಲೇ ಇಲ್ಲ.

"ಬಂದ್ಬುಟ್ರು ಕಣ್ರೋ, ರೈಟ್ರು ಬಂದ್ಬುಟ್ರು!" ಎಂದು ಕುಳ್ಳಯ್ಯ ಕೇಕೆ ಹಾಕಿದ. ಹೆಂಗಸರು ಚಪ್ಪಾಳೆ ತಟ್ಟಿದರು. ಲಕ್ಕಯ್ಯ ದಡಕ್ಕೆ ಹತ್ತಿ, ಬೆವರೊರೆಸಿಕೊಂಡು, ಕುಳ್ಳಯ್ಯನ ಚೀಲಕ್ಕೆ ಕೈಹಾಕಿದ.

"ಇದೇನೋ ಕುಳ್ಳಯ್ಯ, ಕಾಯಿ ಹಣ್ಣು ಎಲ್ಲಾ ಒಂದೇ ಮಾಡ್ಬುಟ್ಟಿದ್ದೀಯ?"

ಕುಳ್ಳಯ್ಯ ಬೈಸಿಕೊಂಡೂ ನಗುತ್ತಲೇ ಇದ್ದ.

ಸಂಜೆ ಕಣಕ್ಕೆ ವಾಪಸಾದಾಗ ಮಂಜುನಾಥ ಕಾಯುತ್ತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಲಕ್ಕಯ್ಯ, ನಾಳೆಯಿಂದ ತೋಟಕ್ಕೆ ನೀನೇ ಹೋಗು" ಎಂದರು.

"ನಾಳೆ ಯಾಕೆ ಸಾವ್ಕಾರ್ರೆ," ಎಂದ ಲಕ್ಕಯ್ಯ, "ಇವತ್ತೇ ಮೂರು ತೋಟಾನೂ ಸುತ್ಕೊಂಡ್ ಬಂದೆ."